ಮಾವಯ್ಯನ ಪಟದ ಮುಡಿ

ನಮ್ಮ ಮಾವಯ್ಯನ ಬಲಗೈ ತೋರುಬೆರಳಿನ ತುದಿ ಯಾವತ್ತೂ ಬೆಳ್ಳಗೆ ಇರುತ್ತಿತ್ತು. ವೀಳ್ಯದೆಲೆಗೆ ಸುಣ್ಣ ಹಚ್ಚಿ ಹಚ್ಚಿ ಆ ಬೆರಳಿನ ಗೆರೆಗಳ ಒಳಗೇ ಸುಣ್ಣ ಇಳಿದುಬಿಟ್ಟಿತ್ತು. ಮಿಂದು ಬಂದರೂ ಹೋಗುತ್ತಿರಲಿಲ್ಲ. ಹೆಬ್ಬೆರಳಿಗೆ ಅಡಿಕೆಯ ಕೆಂಪು. ಹಾಗಾಗಿ ಸಿಗರೇಟು ಪೆಟ್ಟಿಗೆಯೊಳಗೆ ಬರುವ ಬಣ್ಣದ ಪಟ ಹಿಡಿಯಬೇಕಾದರೆ ಅವರು ಈ ಎರಡು ಬೆರಳುಗಳನ್ನು ಮೇಲಕ್ಕೆತ್ತಿ, ಉಂಗುರದ ಬೆರಳು ಮತ್ತು ಕಿರುಬೆರಳಿನ ನಡುವೆ, ಪಟದ ಅಂಚು ಮಾತ್ರ ತಾಗುವ ಹಾಗೆ ಹಿಡಿಯುತ್ತಿದ್ದರು. ದೂರದಿಂದ ಕಂಡವರಿಗೆ ಏಡಿಯೊಂದು ಕೊಂಬೆತ್ತಿಕೊಂಡು ಏನನ್ನೋ ಒಯ್ಯುತ್ತಿದೆ ಅನ್ನಿಸಬೇಕು. ಊರಿನ ಮಕ್ಕಳೆಲ್ಲ ಪಟ ಹಿಡಿಯಲು ಕಲಿತದ್ದು ಅವರನ್ನು ನೋಡಿಯೇ. ಸುಣ್ಣ ಮುಟ್ಟದ ಮಕ್ಕಳೂ ತೋರುಬೆರಳನ್ನು ಮೇಲೆತ್ತಿಯೇ ಹಿಡಿಯುತ್ತಿದ್ದವು. ಅದೇ ಕ್ರಮ ಎಂದು ಅವು ತಿಳಿದಿದ್ದವು.

ನಾನು ಕಿರಿಮಂಜೇಶ್ವರದಿಂದ ಮದುವೆಯಾಗಿ ಹೆಮ್ಮಾಡಿಗೆ ಬಂದದ್ದು ಯುದ್ಧ ಸುರುವಾದ ಹೊಸತರಲ್ಲಿ. ಹೊಳೆಯ ಕಡವಿನ ಹತ್ತಿರ ನಮ್ಮ ಮಾವಯ್ಯನ ಎಲೆ‑ಅಡಿಕೆ‑ಬೀಡಿಯ ಅಂಗಡಿ. ಅಂಗಡಿಯ ಬೆನ್ನಿಗೆ ಮನೆ. ಆಗ ಹೊಳೆಗೆ ಸೇತುವೆ ಇರಲಿಲ್ಲ. ಬಸ್ಸು ಕಡವಿನ ತನಕ ಬರುತ್ತಿತ್ತು, ಜನ ಇಳಿದು ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತಬೇಕಿತ್ತು. ದೋಣಿ ಕಾಯುವವರೆಲ್ಲ ನಮ್ಮ ಅಂಗಡಿಯ ಜಗಲಿಯಲ್ಲಿ ಕೂರುತ್ತಿದ್ದರು. ಊರಿನವರು ಬೀಡಿ ಎಳೆಯುತ್ತಿದ್ದರು. ಬೊಂಬಾಯಿಯ ಹೋಟೆಲುಗಳಿಂದ ರಜೆಯಲ್ಲಿ ಬಂದವರು ಮಾತ್ರ ಸಿಗರೇಟು. ಆ ಸಿಗರೇಟು ಪೆಟ್ಟಿಗೆಯೊಳಗೆ ಒಂದೊಂದು ಪಟ ಇರುತ್ತಿತ್ತು. ಇಸ್ಪೀಟು ಎಲೆಗಿಂತ ಸಣ್ಣದು, ಬಣ್ಣದ್ದು, ಬಿಳಿಯ ಷರಾಯಿ ಹಾಕಿ ದಾಂಡು ಹಿಡಿದು ನಿಂತ ಕ್ರಿಕೆಟ್ ಎಂಬ ಚಂಡಾಟದ ದೊರೆಗಳದ್ದು.

ಮದುವೆಯಾಗಿ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಕಾಣುತ್ತೇನೆ, ಮಾವಯ್ಯ ಜಗಲಿಯಲ್ಲಿ ಚಾಪೆ ಹಾಸಿ, ಮಡಿ ಪಂಚೆ ಉಟ್ಟು, ಪಟಗಳನ್ನು ಸಾಲಾಗಿ ಇಡುತ್ತಿದ್ದಾರೆ. ಪೂಜೆಗೆ ದೇವರ ಪಟ ಇಡುತ್ತಾರೆ ಎಂದುಕೊಂಡು ನಾನು ಹೂ ಕೊಯ್ದು ತಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಕೈಯಲ್ಲಿದ್ದ ಹೂ ಕಂಡದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವಯ್ಯ, ಅತ್ತೆ ಇಬ್ಬರೂ ನನ್ನನ್ನು 'ಹೆಣೆ' ಎಂದೇ ಕರೆಯುತ್ತಿದ್ದದ್ದು.

"ಹೂ ಹಾಕ್, ಹೆಣೆ, ಹೂ ಹಾಕ್! ಟೊಪ್ಪಿ ಇದ್ದವ್ನಿಗೆ ಎರ್ಡ್ ಹಾಕ್. ನಿನ್ ಮಾವಯ್ಯನ ಮನೆದೇವ್ರ್ ಅವ್ರೇ ಸೈ."

ಮಾವಯ್ಯ ತಲೆ ಎತ್ತಲಿಲ್ಲ. "ನಗಾಡುಕೆ ಎಂತ ಇತ್ತ್? ಅವ್ಳಿಗೆ ಗೊತ್ತಿಲ್ಲ, ಕೇಂಡ್ರೆ ಹೇಳ್ತೆ" ಎಂದು ನನ್ನನ್ನು ಕರೆದು ಕೂರಿಸಿ ಒಬ್ಬೊಬ್ಬರನ್ನಾಗಿ ಪರಿಚಯ ಮಾಡಿಸಿದರು. ಅವರ ಇಂಗ್ಲಿಷ್ ಹೆಸರು ಮಾವಯ್ಯನಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಊರು ತಾನೇ ಹೆಸರಿಟ್ಟಿತ್ತು. ಟೊಪ್ಪಿಯವ, ಬಗ್ಗಿದವ, ಮೀಸೆಯವ, ಹಲ್ಲು ಕಿರಿದವ, ಓಡುವವ. ಓಡುವವನನ್ನು ಕಂಡು, ಪಾಪ, ಇವನಿಗೆ ದೋಣಿ ತಪ್ಪಿತೋ ಏನೋ ಎಂದು ಕಡವಿನವರು ಮರುಗುತ್ತಿದ್ದರು.

ಆ ಆಟ ಆಡುವುದನ್ನು ಮಾವಯ್ಯ ಒಮ್ಮೆಯೂ ಕಂಡವರಲ್ಲ. ಆದರೆ ಪಟಗಳ ಕ್ರಯ ಅವರಷ್ಟು ತಿಳಿದವರು ಕುಂದಾಪುರದಿಂದ ಬೈಂದೂರಿನ ತನಕ ಯಾರೂ ಇರಲಿಲ್ಲ. ಸಂತೆಯ ದಿನ ಅಂಗಡಿಯ ಮುಂದೆ ಮಕ್ಕಳು, ದೋಣಿಯವರು, ಹಂಚಿನ ಕಾರ್ಖಾನೆಯ ಹುಡುಗರು ಎಲ್ಲ ಸೇರುತ್ತಿದ್ದರು. "ಪಟದಯ್ಯ, ಇವತ್ತ್ ಮೀಸೆಯವ್ನಿಗೆ ಎಷ್ಟ್?" ಎಂದು ಒಬ್ಬ. ಮಾವಯ್ಯ ಎಲೆ ಮಡಿಸುತ್ತಲೇ ಹೇಳುವರು: "ಮೀಸೆಯವ ಇಳ್ದ. ಬೊಂಬಾಯಿಂದ ಬಂದ ಪೆಟ್ಗಿಯೊಳ್ಗೆ ಬರೀ ಮೀಸೆಯವನೇ. ಒಬ್ಬ ಟೊಪ್ಪಿಯವ್ನಿಗೆ ಮೂರ್ ಮೀಸೆ." ಹಾಗೆಂದರೆ ಆಯಿತು, ಮುಂದಿನ ಸಂತೆಯ ತನಕ ಅದೇ ಕ್ರಯ. ಅತ್ತೆ ಒಳಗಿನಿಂದಲೇ, "ಮೀನಿಗೆ ಕ್ರಯ ಕೇಂಡ್ ಬನ್ನಿ ಅಂದ್ರೆ ಮರ್ತ್ ಬತ್ರ್, ಮೀಸಿಗೆ ಕ್ರಯ ಹೇಳುದ್ ಕಾಣಿ" ಎನ್ನುತ್ತಿದ್ದರು.

ಇಡೀ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಕ್ರಯವೇ ಇರಲಿಲ್ಲ. ಅವನು ಎಡಗೈಯವ. ದಾಂಡನ್ನು ಎಡಗಡೆಗೆ ಹಿಡಿದು ನಿಂತವನು. ನಮ್ಮ ಕಡೆ ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟರೂ ಮುಖ ತಿರುಗಿಸುವ ಕಾಲ. ಎಡಗೈಯಲ್ಲಿ ಹೊಡೆಯುವವನ ಪಟ ಮನೆಯೊಳಗೆ ಇಟ್ಟರೆ ಶುಭ ಅಲ್ಲ ಎಂದು ಅದು ಹೇಗೋ ಊರಲ್ಲಿ ಹಬ್ಬಿತು. ಮಕ್ಕಳು ವಿನಿಮಯಕ್ಕೆ ಒಪ್ಪುತ್ತಿರಲಿಲ್ಲ. ತಾಯಂದಿರು ಕಂಡಲ್ಲೆಲ್ಲ ಅವನನ್ನು ಒಲೆಗೆ ಹಾಕಿದರು. ದೊಡ್ಡವರಲ್ಲಿ ಮಾವಯ್ಯನೊಬ್ಬರೇ ಒಂದನ್ನು ತಮ್ಮ ಸಾಲಿನಲ್ಲಿ ಇಟ್ಟುಕೊಂಡಿದ್ದರು. "ಅವ ಯಾವ್ ಕೈಯಂಗೆ ಹೊಡ್ದ್ರೆ ನಿಮ್ಗೆಂತ? ಚಂಡ್ ಹೋತ್ತಲೆ, ಸಾಕ್" ಎನ್ನುತ್ತಿದ್ದರು.

ಅವರ ಹೆಚ್ಚುಗಾರಿಕೆ ಇದ್ದದ್ದು ಕ್ರಯ ಹೇಳುವುದರಲ್ಲಿ ಅಲ್ಲ, ಪಟ ಕಾಯುವುದರಲ್ಲಿ. ಈ ಕಡಲ ಕರೆಯಲ್ಲಿ ಕಾಗದ ಉಳಿಸುವುದು ಸುಲಭದ ಕೆಲಸವಲ್ಲ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಪಟ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ, ಉಳಿದದ್ದನ್ನು ಗೆದ್ದಲು ತಿನ್ನುತ್ತದೆ. ತಗಡಿನ ಪೆಟ್ಟಿಗೆಯಲ್ಲಿ ಇಟ್ಟವರ ಪಟ ಪೆಟ್ಟಿಗೆಯ ತುಕ್ಕು ಹತ್ತಿ ಹಾಳಾಯಿತು. ಮಾವಯ್ಯ ಯೋಚನೆ ಮಾಡಿದರು. ಅಕ್ಕಿ ವರ್ಷವಿಡೀ ಹಾಳಾಗದೆ ಉಳಿಯುವುದು ಎಲ್ಲಿ? ಮುಡಿಯಲ್ಲಿ. ಬೈಹುಲ್ಲು ಹರಡಿ, ಮಧ್ಯೆ ಅಕ್ಕಿ ಸುರಿದು, ಸುತ್ತ ಹುಲ್ಲಿನ ಹಗ್ಗ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿದ ಮುಡಿಯೊಳಗೆ ನೀರಿನ ಪಸೆ ಹೋಗುವುದಿಲ್ಲ. ಹಾಗಾದರೆ ಪಟಕ್ಕೂ ಅದೇ ಆಗಲಿ. ಕೊಯ್ಲು ಮುಗಿದ ಮೇಲೆ ಒಳ್ಳೆಯ ಹುಲ್ಲು ಆರಿಸಿ ಒಣಗಿಸಿ, ಮಳೆಗೆ ಮುಂಚೆ ತಾವೇ ಒಂದು ಸಣ್ಣ ಮುಡಿ ಕಟ್ಟುತ್ತಿದ್ದರು. ಪಟದ ಕಟ್ಟುಗಳ ನಡುವೆ ಚೆನ್ನಾಗಿ ಒಣಗಿದ ಭತ್ತದ ಹೊಟ್ಟು. ಮುಡಿಯನ್ನು ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ತೂಗು ಹಾಕಿದರೆ ಹೊಗೆ ತಾಗಿಕೊಂಡು ಬೆಚ್ಚಗೆ ಇರುತ್ತಿತ್ತು. ಮಳೆ ಹೋಗುವ ತನಕ ಅದನ್ನು ಬಿಚ್ಚುವ ಹಾಗಿಲ್ಲ.

ಇದು ಗೊತ್ತಾದ ಮೇಲೆ ಊರವರೂ ತಮ್ಮ ಪಟ ತಂದು ಕೊಡತೊಡಗಿದರು. ಬೊಂಬಾಯಿಗೆ ಹೋಗುವ ಹುಡುಗರಂತೂ ಊರು ಬಿಡುವ ದಿನ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ನೇರ ನಮ್ಮ ಅಂಗಡಿಗೆ ಬರುತ್ತಿದ್ದರು. ಮಾವಯ್ಯ ಎರಡು ಮಾತು ಹೇಳುವರು. ಒಂದು, ಪಟ ಸುತ್ತುವ ಬಟ್ಟೆ ಅವರವರ ಮನೆಯದ್ದೇ ಆಗಬೇಕು. ಬಟ್ಟೆ ಕಂಡರೆ ಯಾರ ಕಟ್ಟು ಎಂದು ಅವರಿಗೆ ಗೊತ್ತಾಗಬೇಕು. ಎರಡನೆಯದು, "ಯಾರ್ ಬಂದ್ ಕೇಂಡ್ರೆ ಕೊಡ್ಕ್?" ಕೆಲವರು ತಮ್ಮನ ಹೆಸರು ಹೇಳುವರು, ಕೆಲವರು ಅಪ್ಪಯ್ಯನದ್ದು. ಹೇಳಿದ ಮೇಲೆ ಅದು ಶಾಸನ.

ಕಲಿತ ನಾಲ್ಕನೆಯ ಕ್ಲಾಸಿನ ಜಂಬದಲ್ಲಿ ನಾನು ಒಮ್ಮೆ ಹೇಳಿದೆ: "ಮಾವಯ್ಯ, ಪ್ರತಿಯೊಂದ್ ಪಟದ ಬೆನ್ನಿಗೂ ಇಂಗ್ಲಿಷ್ ನಂಬ್ರ ಇತ್ತ್. ಎಲ್ಲರದ್ದೂ ಒಟ್ಟ್ ಸೇರ್ಸಿ ನಂಬ್ರದ ಪ್ರಕಾರ ಇಟ್ರೆ ಹುಡ್ಕುಕೆ ಸುಲ್ಭ ಅಲ್ದಾ? ಯಾರಾರೂ ಬಂದ್ರೆ ಅವ್ರ ಲೆಕ್ಕಕ್ಕೆ ಸಮ ಪಟ ಕೊಟ್ರಾಯ್ತ್."

ಮಾವಯ್ಯ ನನ್ನ ಮುಖ ನೋಡಿದರು. ಸಿಟ್ಟಲ್ಲ, ಆಶ್ಚರ್ಯ. "ಹೆಣೆ, ಗೋಮಾಳದ ದನ ನಾಕ್ ಮನೆದ್ದ್ ಒಟ್ಟಿಗೆ ಮೇಯ್ತ್. ಸಂಜಿಗೆ ಯಾವ್ದೋ ಒಂದ್ ದನ ಹೊಡ್ಕಂಡ್ ಹೋಯ್ನಿ ಅಂದ್ರೆ ಆತ್ತಾ? ಕ್ರಯ ಏರ್ತ್, ಇಳಿತ್ತ್, ಅದ್ ಪ್ಯಾಟಿದ್. ಪಟ ಯಾರದ್ದೋ, ಅವ್ರದ್ದ್." ಆಮೇಲೆ ನನ್ನ ಮನಸ್ಸು ಸಣ್ಣದಾಯಿತೆಂದು ಕಂಡಿತೋ ಏನೋ, "ನಮ್ದನ್ನ ಬೇಕಾರೆ ನಿನ್ ನಂಬ್ರಕ್ಕೆ ಸಮ ಇಡ್" ಎಂದು ತಮ್ಮ ಸ್ವಂತ ಪಟಗಳ ಸಾಲನ್ನು ನನ್ನ ಕೈಗೆ ಕೊಟ್ಟರು. ಅತ್ತೆಗೂ ಮುಟ್ಟಲು ಕೊಡದ ಸಾಲು. ಇಟ್ಟು ಮುಗಿದಾಗ ಒಂದೂ ಬಿಡದೆ ಒಂದರಿಂದ ಐವತ್ತರ ತನಕ ಇತ್ತು. ಪೂರ್ತಿ ಸಾಲು ತಮ್ಮಲ್ಲಿದೆ ಎಂದು ಮಾವಯ್ಯನಿಗೂ ಗೊತ್ತಾದದ್ದು ಆವತ್ತೇ. ಸಂಜೆಯ ತನಕ ಅಂಗಡಿಗೆ ಬಂದವರಿಗೆಲ್ಲ, "ನಮ್ ಸೊಸಿ ಜೋಡ್ಸಿಟ್ಟದ್" ಎಂದು ತೋರಿಸಿದ್ದೇ ತೋರಿಸಿದ್ದು.

ಆ ವರ್ಷವೇ, ನಮ್ಮ ಮನೆಯಿಂದ ನಾಲ್ಕು ಹಿತ್ತಲಾಚೆಯ ಹೆಂಗಸಿನ ಮಗ ಯುದ್ಧಕ್ಕೆ ಹೊರಟ. ಆಕೆ ಗಂಡ ಸತ್ತವಳು, ತೆಂಗಿನ ಕತ್ತದ ಹಗ್ಗ ಹೊಸೆದು ಮಗನನ್ನು ಸಾಕಿದವಳು. ಮಗ ಬಸ್ಸಿನಲ್ಲಿ ಕೆಲಸ ಕಲಿತು, ಮಿಲಿಟರಿಯ ಲಾರಿ ಓಡಿಸಲು ಸೇರಿದ್ದ. ತಾಯಿಯ ಹಳೆಯ ಸೀರೆಯ ನೀಲಿ ತುಂಡಿನಲ್ಲಿ ಪಟ ಸುತ್ತಿಕೊಂಡು ತಾಯಿಯ ಜೊತೆಗೇ ಅಂಗಡಿಗೆ ಬಂದ.

"ಯಾರ್ ಬಂದ್ ಕೇಂಡ್ರೆ ಕೊಡ್ಕ್?" ಎಂದರು ಮಾವಯ್ಯ.

"ನಾನೇ ಬಂದ್ ಕೇಂಡ್ರೆ ಮಾತ್ರ, ಅಯ್ಯ. ಅಬ್ಬಿ ಕೇಂಡ್ರೂ ಕೊಡ್ಬೇಡಿ. ನನ್ ಎಡಗೈಯವ್ನನ್ನ ಒಂದ್ಸಲ ಒಲಿಗೆ ಹಾಕಿರ್. ಇದ್ ಎರಡ್ನೇದ್."

"ಹೌದ್ ಹಾಕ್ದೆ, ಇನ್ನೂ ಹಾಕ್ತೆ" ಎಂದಳು ತಾಯಿ. "ದಂಡಿಗೆ ಹೋಪವ್ನಿಗೆ ಆ ಎಡಚ ಎಂತಕ್ಕೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ದೋಣಿ ಬಿಡುವಾಗ ಮಾತ್ರ ಅವಳು ಹಿಂತಿರುಗಿ ನೋಡಲಿಲ್ಲ, ನೇರ ಮನೆಗೆ ಹೋಗಿ ಹಗ್ಗ ಹೊಸೆಯಲು ಕೂತಳು.

ಯುದ್ಧ ಬಲಿಯಿತು. ಕಾಗದಕ್ಕೆ ಬರ ಬಂದು ಸಿಗರೇಟು ಪೆಟ್ಟಿಗೆಯೊಳಗೆ ಪಟ ಇಡುವುದನ್ನೇ ನಿಲ್ಲಿಸಿದರು. ಹೊಸತು ಬಾರದ ಕಾರಣ ಹಳೆಯದಕ್ಕೆ ಕ್ರಯ ಏರಿತು. ಟೊಪ್ಪಿಯವ ಏರಿದ, ಮೀಸೆಯವನೂ ಏರಿದ. ಎಲ್ಲರಿಗಿಂತ ಮೇಲೆ ಏರಿದವನು ಎಡಗೈಯವ. ಊರೆಲ್ಲ ಸುಟ್ಟು ಹಾಕಿದ್ದರಿಂದ ಅವನು ಬೇಕೆಂದರೂ ಸಿಗದ ಹಾಗಾಗಿತ್ತು. ಒಲೆಗೆ ಹಾಕಿದ ತಾಯಂದಿರ ಮೇಲೆ ಮಕ್ಕಳು ಹಾರಾಡಿದರು. ಇದ್ದದ್ದು ಎರಡೇ, ಎರಡೂ ನಮ್ಮ ಅಟ್ಟದ ಮುಡಿಯೊಳಗೆ: ಒಂದು ಮಾವಯ್ಯನ ಸಾಲಿನದ್ದು, ಇನ್ನೊಂದು ನೀಲಿ ಬಟ್ಟೆಯೊಳಗಿನದ್ದು.

ಪಟದ ಜೊತೆಗೆ ಅಕ್ಕಿಗೂ ಬರ ಬಂತು. ಅಕ್ಕಿಗೆ ಕಂಟ್ರೋಲು. ಮನೆಗಳಲ್ಲಿ ಮುಡಿ ಅಡಗಿಸಿಟ್ಟಿದ್ದಾರೆಯೇ ಎಂದು ಸರಕಾರದವರು ಹುಡುಕಿಕೊಂಡು ಬರುತ್ತಿದ್ದರು. ಆಸಾಡಿಯ ಜಡಿಮಳೆಯಲ್ಲಿ ಒಂದು ದಿನ ನಮ್ಮ ಮನೆಗೂ ಬಂದರು. ಘಟ್ಟದ ಮೇಲಿನ ಒಬ್ಬ ಇನ್ಸ್‌ಪೆಕ್ಟರು, ಅವರಿಗೆ ಕೊಡೆ ಹಿಡಿದುಕೊಂಡು ಊರಿನ ಉಗ್ರಾಣಿ. ಒಳ್ಳೆಯ ಮನುಷ್ಯ, ಜೋಡು ಹೊರಗೆ ಬಿಟ್ಟೇ ಒಳಗೆ ಬಂದರು. ಅಟ್ಟದ ಕಡೆ ಕಣ್ಣು ಹೋಯಿತು.

"ಅದೇನು?"

"ಮುಡಿ" ಎಂದರು ಮಾವಯ್ಯ.

"ಮುಡಿ ಎಂದು ನನಗೂ ಕಾಣುತ್ತದೆ. ಒಳಗೇನಿದೆ?"

"ಜನ ಇದ್ರ್."

"ಯಜಮಾನರೇ, ತಮಾಷೆ ಮಾಡಬೇಡಿ."

"ತಮಾಷಿ ಅಲ್ಲ. ಆಟ ಆಡುವ ಜನ. ಈಗ ಬಿಚ್ಚುಕಾಗ, ಸ್ವಾಮಿ. ಆಸಾಡಿ ಮಳಿ. ಪಸಿ ಹೊಕ್ರೆ ಅಷ್ಟೂ ಜನಕ್ಕೆ ಬೂಸ್ಟ್ ಹಿಡಿತ್ತ್. ದೀಪಾವಳಿ ಕಳ್ದ್ ಬನ್ನಿ, ನಾನೇ ಬಿಚ್ಚಿ ತೋರ್ಸ್ತೆ."

ಬೇಡ ಎಂದಷ್ಟೂ ಇನ್ಸ್‌ಪೆಕ್ಟರಿಗೆ ಸಂಶಯ ಬಲವಾಯಿತು. ಜಗಲಿಯಲ್ಲಿ ದೋಣಿ ಕಾಯುತ್ತಿದ್ದವರೆಲ್ಲ ಒಳಗೆ ಇಣುಕುತ್ತಿದ್ದರು. ಅತ್ತೆಗೆ ಮಾತ್ರ ಅದರಲ್ಲೂ ನಗೆ. "ಬಿಚ್ಚಿ ಸ್ವಾಮಿ, ಬಿಚ್ಚಿ. ಬೇಯ್ಸಿ ಉಂಬುಕಾತ್ತಾ ಕಾಣಿ." ಕೊನೆಗೆ ಉಗ್ರಾಣಿ ಮುಡಿ ಇಳಿಸಿದ. ಹಗ್ಗಕ್ಕೆ ಕತ್ತಿ ಹಾಕಲು ಮಾವಯ್ಯ ಬಿಡಲಿಲ್ಲ, ತಾವೇ ಕೂತು ಒಂದೊಂದೇ ಸುತ್ತು ಬಿಚ್ಚಿದರು. ಹುಲ್ಲು ತೆರೆದಾಗ ಒಳಗಿನಿಂದ ಹೊಟ್ಟು ಸುರಿಯಿತು, ಹೊಟ್ಟಿನ ನಡುವಿನಿಂದ ಬಣ್ಣಬಣ್ಣದ ಬಟ್ಟೆಯ ಕಟ್ಟುಗಳು. ಒಂದು ಕಾಳು ಅಕ್ಕಿ ಇಲ್ಲ.

ಇನ್ಸ್‌ಪೆಕ್ಟರು ಮೊದಲು ಬೆಪ್ಪಾದರು, ಆಮೇಲೆ ಮಾವಯ್ಯನ ಸ್ವಂತ ಕಟ್ಟನ್ನು ಬಿಡಿಸಿ ನೋಡುತ್ತಾ ಕುಕ್ಕರುಗಾಲಲ್ಲಿ ಕೂತರು. ಬೆನ್ನಿನ ನಂಬ್ರ ಒಂದೊಂದೇ ನೋಡುತ್ತಾ ಬಂದವರು ಒಂದು ಕಡೆ ತಟ್ಟನೆ ನಿಂತರು. "ಇದು... ಇದು ನಿಮ್ಮಲ್ಲಿ ಹೇಗೆ ಬಂತು?" ಅವರ ಭಾವನೊಬ್ಬ ಇಂಥದ್ದೇ ಸಾಲು ಸೇರಿಸುತ್ತಿದ್ದಾನಂತೆ. ಈ ಎಡಗೈಯವನೊಬ್ಬ ಸಿಗದೆ ಎರಡು ವರ್ಷದಿಂದ ಒದ್ದಾಡುತ್ತಿದ್ದಾನಂತೆ. "ಕೊಡುತ್ತೀರಾ? ಒಂದು ಮುಡಿ ಅಕ್ಕಿಯ ಹಣ ಕೊಡಿಸುತ್ತೇನೆ."

ಜಗಲಿಯಲ್ಲಿದ್ದವರೆಲ್ಲ ಬಾಗಿಲಿಗೆ ಒತ್ತಿಕೊಂಡು ಬಂದರು. ಒಂದು ಮುಡಿ ಅಕ್ಕಿ ಎಂದರೆ ಆಗ ಸಣ್ಣ ಮಾತೇ?

"ಸಾಲ್ ಪೂರ್ತಿ ಇತ್ತ್, ಸ್ವಾಮಿ. ಕೊಡುದಿಲ್ಲ" ಎಂದರು ಮಾವಯ್ಯ. ಇನ್ಸ್‌ಪೆಕ್ಟರು ಒತ್ತಾಯ ಮಾಡಲಿಲ್ಲ. ಮನಸ್ಸು ಬದಲಾದರೆ ಸಂತೆಯ ದಿನ ಕುಂದಾಪುರದಲ್ಲಿ ಸಿಗುತ್ತೇನೆ ಎಂದು ಹೇಳಿ ಮಳೆಯಲ್ಲಿ ಹೊರಟರು. ನಾವು ಮೂವರೂ ಒಲೆಯ ಹತ್ತಿರ ಹುಲ್ಲು ಬಿಸಿ ಮಾಡಿ, ಹೊಟ್ಟು ಹುರಿದು ಆರಿಸಿ, ಸಂಜೆಯೊಳಗೆ ಮುಡಿಯನ್ನು ಮತ್ತೆ ಕಟ್ಟಿದೆವು. ಗೇಲಿ ಮಾಡುತ್ತಿದ್ದ ಅತ್ತೆಯೇ ಹಗ್ಗ ಜಗ್ಗಿ ಹಿಡಿದರು.

ಸುದ್ದಿ ದೋಣಿಗಿಂತ ಬೇಗ ಊರು ದಾಟಿತು. ಮರುದಿನವೇ ಹಗ್ಗ ಹೊಸೆಯುವ ಹೆಂಗಸು ಬಂದಳು. ತಲೆಯ ಮೇಲೆ ಗೊರಬು, ಮಳೆಗೆ ಬೆನ್ನಿನ ತನಕ ಮುಚ್ಚುವ ಎಲೆಯ ಗೊರಬು. ಅದನ್ನು ತೆಗೆದು ಗೋಡೆಗೆ ಒರಗಿಸಿ, ಕೂರದೆ ನಿಂತಳು. ಮುಖದ ಎಲುಬೆಲ್ಲ ಕಾಣುತ್ತಿತ್ತು. ಮಗನ ಮನಿಯಾರ್ಡರು ನಿಂತು ತಿಂಗಳುಗಳಾಗಿದ್ದವು. ಕಾಗದವೂ ಇಲ್ಲ. ಊರಿನಲ್ಲಿ ಜನ ಅವಳ ಎದುರು ಮಗನ ಸುದ್ದಿ ತೆಗೆಯುವುದನ್ನೇ ಬಿಟ್ಟಿದ್ದರು.

"ಅಯ್ಯ, ನನ್ ಮಗನ್ ಕಟ್ಟ್ ಕೊಡಿ."

"ಎಂತಕ್ಕೆ?"

"ಅದ್ರೊಳ್ಗೂ ಒಬ್ಬ ಎಡಗೈಯವ ಇದ್ದ. ಆ ಇನ್ಸ್‌ಪೆಕ್ಟ್ರಿಗೆ ಕೊಟ್ಟ್ ಅಕ್ಕಿ ತಕಂತೆ."

ಮಾವಯ್ಯ ಕೈಯಲ್ಲಿದ್ದ ಎಲೆ ಕೆಳಗಿಟ್ಟರು. "ಅವ ಹೋಪತ್ತಿಗೆ ಎಂತ ಹೇಳಿದ್ದ, ನೀನೂ ಕೇಂಡಿದ್ದೆ."

"ನಾನ್ ಸುಡ್ತೆ ಅಂದ್ಕಂಡ್ ಹೇಳ್ದ. ಈಗ ನಾನ್ ಸುಡೂಕೆ ಕೇಂಬುದಾ? ಹೆತ್ತವ್ಳ್ ನಾನ್. ಹೊಟ್ಟಿಯಂಗೆ ಅವನ್ನೇ ಇಟ್ಕಂಡವ್ಳಿಗೆ ಒಂದ್ ಪಟ ಕೊಡೂಕಾತಿಲ್ಯಾ ನಿಮ್ಗೆ?"

"ಅವ ಬರ್ಲಿ. ಬಂದ ಮೇಲೆ—"

"ಬತ್ತ ಅಂತ ನಿಮ್ಗ್ಯಾರ್ ಹೇಳಿದ್ದ್?"

ಅದುವರೆಗೆ ಊರಿನಲ್ಲಿ ಯಾರೂ ಆಡದ ಮಾತನ್ನು ಅವಳೇ ಆಡಿಬಿಟ್ಟಳು. ಆಡಿದವಳೇ ಗೊರಬಿನ ಕಡೆ ತಿರುಗಿದಳು. ಅತ್ತೆ ಒಳಗಿನಿಂದ ಗೆರಸೆಯಲ್ಲಿ ಸ್ವಲ್ಪ ಅಕ್ಕಿ ತಂದು ಅವಳ ಮುಂದೆ ಹಿಡಿದರು. ನಮ್ಮ ಪಾತ್ರೆಯಲ್ಲೂ ತಳ ಕಾಣುತ್ತಿದ್ದ ದಿನ ಅದು. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ಬ್ಯಾಡ, ಅಕ್ಕ. ಬೇಡೂಕೆ ಬಂದದ್ದಲ್ಲ. ನಮ್ದ್ ಕೇಂಬುಕೆ ಬಂದದ್." ಗೊರಬು ಹಾಕಿಕೊಂಡು ಹೊರಟೇಹೋದಳು.

ಅತ್ತೆಗೆ ಎಂದೂ ಇಲ್ಲದ ಸಿಟ್ಟು ಬಂತು. "ಹ್ವಾಯ್, ನಿಮ್ಗೆ ಕರುಳ್ ಇತ್ತಾ? ಅವ್ಳ್ ಸತ್ರೆ ಆ ಕಾಗ್ದ ಯಾರಿಗೆ ಕೊಡ್ತ್ರಿ? ಮಗನೂ ಇಲ್ಲ, ತಾಯೂ ಇಲ್ಲ, ಮುಡಿ ಒಂದ್ ಇತ್ತ್ ಅಂತ ತೂಗ್ ಹಾಕ್ಕಂಡ್ ಕೂಕಣಿ."

ಮಾವಯ್ಯ ಹೊಳೆಯನ್ನೇ ನೋಡುತ್ತಾ ಕೂತಿದ್ದರು. ಒಂದೆರಡು ಗಿರಾಕಿ ಬಂದು ಬರಿಗೈಯಲ್ಲಿ ಹೋದರು. ಕೊನೆಗೆ ಅವರು ಹೇಳಿದ್ದು ಅತ್ತೆಗೋ, ನನಗೋ, ತಮಗೆ ತಾವೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. "ಆ ಕಟ್ಟ್ ನಾನ್ ಬಿಚ್ಚಿ ಕೊಟ್ರೆ, ಅವ ಬತ್ತಿಲ್ಲ ಅಂತ ನಾನೇ ಹೇಳ್ದಾಂಗ್ ಆಯ್ತಲೆ. ಊರ್ ಹೇಳ್ಲಿ. ಸರ್ಕಾರ ಹೇಳ್ಲಿ. ಇಟ್ಕಂಡವ ನಾನ್ ಹೇಳುಕಾತಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಹೆಣೆ, ಮುಡಿ ಇಳ್ಸ್. ನಮ್ದನ್ನ ತಾ."

ನನಗೆ ಅರ್ಥವಾಗಲು ತಡವಾಯಿತು. ಅರ್ಥವಾದಾಗ ಬಾಯಿ ತಪ್ಪಿ ಅಂದುಬಿಟ್ಟೆ, "ಮಾವಯ್ಯ, ಸಾಲ್ ತುಂಡಾತ್ತಲೆ!"

"ಆತ್ತ್. ಸಾಲ್ ತುಂಡಾರೆ ಸಾಲಿಗೆ ಹಸಿವ್ ಆತಿಲ್ಲ."

ಆ ಮಧ್ಯಾಹ್ನ ಮಳೆಯಲ್ಲೇ ಅವರು ಆ ಹೆಂಗಸಿನ ಮನೆಗೆ ಹೋದರು. ಒಂಟಿ ಹೆಂಗಸಿನ ಮನೆಯೆಂದು ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಅವಳು ಚಾವಡಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಳು, ತಲೆ ಎತ್ತಲಿಲ್ಲ. ಮಾವಯ್ಯ ಬಾಳೆಯ ಒಣ ಎಲೆಯಲ್ಲಿ ಸುತ್ತಿದ ಎಡಗೈಯವನನ್ನು ಅವಳ ಮುಂದೆ ಇಟ್ಟರು.

"ಇದ್ ನಿನ್ ಮಗಂದಲ್ಲ, ನಂದ್. ಅವ್ನಂದ್ ಅಲ್ಲೇ ಇತ್ತ್, ಹೊಟ್ಟಿನೊಳ್ಗೆ ಬೆಚ್ಚಗೆ."

"ನಂಗೆ ಧರ್ಮದ್ದ್ ಬ್ಯಾಡ."

"ಧರ್ಮಕ್ಕೆ ಕೊಡೂಕೆ ನಂಗೇನ್ ಹುಚ್ಚಾ? ಒಂದ್ ಮುಡಿ ಅಕ್ಕಿ ಕ್ರಯದ್ದ್! ಇದ್ ನಾನ್ ನಿನ್ ಮಗನಿಗೆ ಕೈಗಡ ಕೊಟ್ಟದ್. ಅವ ಬಂದ್ ತೀರ್ಸ್ತ. ನಂಗೂ ಅವ್ನಿಗೂ ಮಾತ್. ನೀನ್ ಮಧ್ಯೆ ಕೊಂಡ್ಹೋಪವ್ಳ್ ಮಾತ್ರ."

ಅವಳು ಹಗ್ಗ ಕೈಯಿಂದ ಬಿಟ್ಟಳು. "ಅವ ಬಾರ್ದಿದ್ರೆ, ಅಯ್ಯ?"

"ಬಾರ್ದವ್ನಿಗೆ ನಾನ್ ಕಡ ಕೊಡುದಿಲ್ಲ" ಎಂದರು ಮಾವಯ್ಯ. ಅಷ್ಟೇ. ಎದ್ದು ಬಂದೆವು. ಹಿತ್ತಲು ದಾಟುವಾಗ ಹಿಂದಿನಿಂದ ಅವಳು ಅಳುವುದು ಕೇಳಿಸಿತು. ಮಗ ಹೋದ ದಿನ ಅಳದವಳು.

ಸಂತೆಯ ದಿನ ಇನ್ಸ್‌ಪೆಕ್ಟರು ಹೇಳಿದ ಹಣವನ್ನು ಚೌಕಾಸಿ ಇಲ್ಲದೆ ಅವಳ ಕೈಗೇ ಎಣಿಸಿ ಕೊಟ್ಟರಂತೆ. ಅವಳು ಡಿಪೋದಿಂದ ಅಕ್ಕಿ ತಂದಳು, ಮಳೆಗಾಲ ದಾಟಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಕಡವಿನಲ್ಲಿ ಬಸ್ಸು ನಿಂತರೆ ಅವಳು ಮತ್ತೆ ಹೊರಗೆ ಬಂದು ನೋಡತೊಡಗಿದಳು. ಯಾರಾದರೂ ಕನಿಕರದಿಂದ ಮಾತಾಡಿಸಿದರೆ, "ಪಟದಯ್ಯ ಅವ್ನಿಗೆ ಕಡ ಕೊಟ್ಟಿದ್ರ್. ಸುಮ್ನೆ ಕೊಡ್ತ್ರಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಾವಯ್ಯನ ಸಾಲಿನಲ್ಲಿ ಮಾತ್ರ ಒಂದು ನಂಬ್ರ ಖಾಲಿ. ಮಳೆ ಹೋಗಿ ಮುಡಿ ಬಿಚ್ಚಿದಾಗ ನಾನು ಹೊಸದಾಗಿ ಜೋಡಿಸುತ್ತಾ ಖಾಲಿ ಜಾಗ ಕಾಣದ ಹಾಗೆ ಪಟ ಒತ್ತರಿಸಿ ಇಟ್ಟೆ. ಮಾವಯ್ಯ ಮತ್ತೆ ಬಿಡಿಸಿ, "ಜಾಗ ಬಿಡ್. ಬಪ್ಪವ ಎಲ್ ಕೂಕಂಬುದು?" ಎಂದರು.

ಯುದ್ಧ ಮುಗಿಯಿತು. ಪಟದ ಕಾಲವೂ ಮುಗಿಯಿತು. ಮಕ್ಕಳ ಕೈಗೆ ಈಗ ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರ ಬಂತು, ನಾಯಕರ ಚಿತ್ರ ಬಂತು, ಸಿನೆಮಾದವರು ಬಂದರು. ದಾಂಡು ಹಿಡಿದ ಬಿಳಿಯರನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಸಂತೆಯ ದಿನ ಕ್ರಯ ಕೇಳಲು ಒಬ್ಬನೂ ಇಲ್ಲ. ಯಾರಾದರೂ ಕುಶಾಲಿಗೆ ಕೇಳಿದರೆ ಮಾವಯ್ಯ, "ಇವತ್ತ್ ಕ್ರಯ ಇಲ್ಲ" ಎನ್ನುತ್ತಿದ್ದರು. ಆದರೆ ಮಳೆಗೆ ಮುಂಚೆ ಮುಡಿ ಕಟ್ಟುವುದನ್ನು ಬಿಡಲಿಲ್ಲ.

ಹಾಗೆ ಮುಡಿ ಕಟ್ಟಿ ತೂಗು ಹಾಕಿದ್ದ ಒಂದು ಬಿಸಿಲಿನ ದಿನ ಅವನು ಬಂದ. ಬಸ್ಸಿನಿಂದ ಇಳಿದವನನ್ನು ನಾನು ಗುರುತಿಸಲಿಲ್ಲ. ಮೈ ಸುಟ್ಟು ಕಪ್ಪಾಗಿತ್ತು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದ. ಬರ್ಮಾದ ಕಡೆ ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದನಂತೆ. ಬರೆಸಿದ ಕಾಗದ ಯಾವುದೂ ಊರು ಮುಟ್ಟಿರಲಿಲ್ಲ. ತಾಯಿ ಎಲ್ಲಿಂದಲೋ ಓಡಿ ಬಂದು ಅವನ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ. ಮಾವಯ್ಯ ಅವರಿಬ್ಬರನ್ನೂ ಕೂರಿಸಿ ಬೆಲ್ಲ ನೀರು ಕೊಡಿಸಿದರು. ಏನೂ ಕೇಳಲಿಲ್ಲ. ಅಟ್ಟದಿಂದ ಮುಡಿ ಇಳಿಸಿ ಬಿಚ್ಚಿ ನೀಲಿ ಬಟ್ಟೆಯ ಕಟ್ಟನ್ನು ಅವನ ಮಡಿಲಲ್ಲಿ ಇಟ್ಟರು. ಹೋದ ದಿನ ಹಾಕಿದ ಗಂಟು ಹಾಗೆಯೇ ಇತ್ತು.

ಕೈಗಡದ ಮಾತನ್ನು ತೆಗೆದದ್ದು ತಾಯಿಯೇ. ಅವನು ಪೂರ್ತಿ ಕೇಳಿದ. ಕಟ್ಟು ಬಿಚ್ಚಿ ಎಡಗೈಯವನನ್ನು ತೆಗೆದ. ಆಮೇಲೆ ಅನುಮಾನಿಸಿದ.

"ಅಯ್ಯ, ಈಗ ಇದ್ಕೆ ಕ್ರಯ ಇಲ್ಯಂಬ್ರ್. ನಿಮ್ದ್ ಒಂದ್ ಮುಡಿ ಅಕ್ಕಿದ್. ನನ್ ಹತ್ರ ಪಗಾರ ಇತ್ತ್, ಅದ್ರಂಗೆ—"

"ನಾನ್ ಕೊಟ್ಟದ್ ಅಕ್ಕಿಯಾ?" ಎಂದರು ಮಾವಯ್ಯ. "ಪಟ ಕೊಟ್ಟದ್. ಪಟ ಕೊಡ್. ಕ್ರಯ ಕಟ್ಕಂಡ್ ನಿಂಗೂ ನಂಗೂ ಎಂತಕ್ಕೆ?"

ಅವನು ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟ. ಮಾವಯ್ಯ ತಮ್ಮ ಸಾಲು ಹರಡಿ, ಖಾಲಿ ಬಿಟ್ಟ ಜಾಗ ತೋರಿಸಿ, ಅವನ ಕೈಯಿಂದಲೇ ಅಲ್ಲಿ ಇಡಿಸಿದರು. ಊರಿಗೆ ಬರುವಾಗ ಅವನ ಬಳಿ ಹೇಳಿಕೊಳ್ಳುವಂಥದ್ದು ಏನಿತ್ತು? ಒಂದು ಕುಂಟುವ ಕಾಲು. ಆದರೆ ಇಡೀ ಕಡವಿನ ಎದುರು ತನ್ನ ತಾಯಿಯ ಹೊಟ್ಟೆಗೆ ಬಿದ್ದ ಅನ್ನದ ಋಣವನ್ನು ತಾನೇ, ತನ್ನದರಿಂದಲೇ ತೀರಿಸಿದ. ಆ ದಿನ ಅವನು ಮನೆಗೆ ಹೋದ ನಡಿಗೆಯಲ್ಲಿ ಕುಂಟು ಇರಲಿಲ್ಲವೆಂದು ನಾನು ಇಂದಿಗೂ ಹೇಳುತ್ತೇನೆ, ನಂಬದವರು ನಂಬದಿರಲಿ.

ಸ್ವಾತಂತ್ರ್ಯ ಬಂದ ಮೇಲಿನ ಚಳಿಯಲ್ಲಿ ಮಾವಯ್ಯ ತೀರಿಕೊಂಡರು. ಹೆಚ್ಚು ಮಲಗಲಿಲ್ಲ. ಕೊನೆಯ ದಿನಗಳಲ್ಲೂ ಒಂದೊಂದು ಕಟ್ಟನ್ನು ತರಿಸಿ, ಬಟ್ಟೆ ಮುಟ್ಟಿ, ಇದು ಯಾರದ್ದು, ಯಾರು ಬಂದು ಕೇಳಿದರೆ ಕೊಡಬೇಕು ಎಂದು ನನಗೆ ಹೇಳಿದರು. ಮಗನಿಗೆ ಹೇಳಲಿಲ್ಲ, ನನಗೆ. ನಾನು ತಪ್ಪದೆ ಒಪ್ಪಿಸಿದಾಗ, "ಸರಿ ಇತ್ತ್" ಎಂದು ಕಣ್ಣು ಮುಚ್ಚುತ್ತಿದ್ದರು.

ಕ್ರಿಯೆಗಳೆಲ್ಲ ಮುಗಿದು ಅಂಗಡಿಯ ಬಾಗಿಲು ತೆಗೆದ ಮೊದಲ ದಿನ. ಮಾವಯ್ಯನ ಜಾಗದಲ್ಲಿ ನನ್ನವರು ಕೂತಿದ್ದರು. ಹಗ್ಗ ಹೊಸೆಯುವವಳ ಮಗ ಬಂದ. ಬೊಂಬಾಯಿಯಲ್ಲಿ ಟ್ಯಾಕ್ಸಿ ಓಡಿಸುವ ಕೆಲಸ ಸಿಕ್ಕಿತ್ತು, ಟ್ರಂಕು ಹಿಡಿದೇ ಬಂದಿದ್ದ. ಕಂಕುಳಲ್ಲಿ ಆ ನೀಲಿ ಬಟ್ಟೆಯ ಕಟ್ಟು. ಮಾರಿದರೆ ಒಂದು ಬೀಡಿಯೂ ಬಾರದ ಪಟಗಳು. ನನ್ನವರು ಕೈ ಚಾಚಿದರು.

"ನಿಮ್ಗಲ್ಲ, ಅಣ್ಣಯ್ಯ. ಅಕ್ಕನ್ ಕರೀರಿ" ಎಂದ.

ನಾನು ಒದ್ದೆ ಕೈ ಒರಸಿಕೊಂಡು ಹೊರಗೆ ಬಂದೆ. ಕಡವಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನು ಕಟ್ಟನ್ನು ನನ್ನ ಕೈಯಲ್ಲಿ ಇಟ್ಟು, ಕೇಳುವ ಮೊದಲೇ, "ಈ ಸಲ ಅಬ್ಬಿ ಕೇಂಡ್ರೂ ಕೊಡಿ, ಅಕ್ಕ" ಎಂದು ನಕ್ಕು ದೋಣಿಗೆ ಇಳಿದ. ಆಮೇಲಿನ ವರ್ಷಗಳಲ್ಲಿ ಬೊಂಬಾಯಿಗೆ ಹೋಗುವವರು ಪಟ ತರಲಿಲ್ಲ. ಬೆಂಡೋಲೆ ತಂದರು, ಜಾಗದ ಕಾಗದ ತಂದರು, ಒಬ್ಬಳು ತನ್ನ ಮದುವೆಯ ಸೀರೆಯನ್ನೇ ತಂದಳು. ಹೆಂಗಸಿನ ಕೈಯಲ್ಲಿ ಇಷ್ಟೆಲ್ಲ ಬಿಟ್ಟು ಹೋಗುತ್ತಾರಲ್ಲ ಎಂದು ಹೊಸಬರು ಆಶ್ಚರ್ಯಪಟ್ಟರೆ ಹಳಬರು, ಅದು ಪಟದಯ್ಯನ ಮನೆ ಎನ್ನುತ್ತಿದ್ದರು.

ಆ ದಿನ ಮಾತ್ರ ನಾನು ಕಟ್ಟು ಹಿಡಿದುಕೊಂಡು ದೋಣಿ ಆಚೆ ದಡ ಮುಟ್ಟುವ ತನಕ ನಿಂತೇ ಇದ್ದೆ. ಹಿಂತಿರುಗಿದರೆ ಅತ್ತೆ ಬಾಗಿಲಲ್ಲಿದ್ದರು. ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡಿದರು, ಮೇಲಿನ ಅಟ್ಟ ನೋಡಿದರು.

"ಈ ವರ್ಷ ಹುಲ್ಲ್ ಜಾಸ್ತಿ ತರ್ಸ್, ಹೆಣೆ" ಎಂದರು. "ಮುಡಿ ಒಂಚೂರ್ ದೊಡ್ದೇ ಕಟ್ಕ್."